ಎಸ್ನಾದ ಕಿಸೆ

ಡೆಕ್ಕಿನ ಮೇಲೆ, ಬೆಳಿಗ್ಗೆ

ಯಾರಾದರೂ ‘ಇವತ್ತು ವಿಶ್ರಾಂತಿ’ ಎಂದರೆ ನಾನು ಮೊದಲು ಕಾರಣ ಕೇಳುತ್ತೇನೆ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅದರಲ್ಲಿ ಕೊನೆಯ ಒಂಬತ್ತು ವರ್ಷ ಮೇಟ್ರನ್. ಡಾಕ್ಟರು ರೋಗಿಗೆ ವಿಶ್ರಾಂತಿ ಬರೆದರೆ ಪಕ್ಕದಲ್ಲಿ ಕಾರಣವನ್ನೂ ಬರೆಯುತ್ತಿದ್ದರು. ಈಜಿಪ್ತಿನ ನೈಲ್ ನದಿಯ ಮೇಲೆ ಹಡಗಿನ ಪ್ರಯಾಣದ ಐದನೆಯ ದಿನ ನಮಗೆ ಕೊಟ್ಟ ವಿಶ್ರಾಂತಿಗೆ ಮಾತ್ರ ಕಾರಣವನ್ನು ಮುಚ್ಚಿಟ್ಟಿದ್ದರು. ಅಲ್ಲಿಂದಲೇ ನನ್ನ ಸಿಟ್ಟು ಶುರುವಾಯಿತು. ಆ ಸಿಟ್ಟು ಆ ದಿನ ಎಲ್ಲೆಲ್ಲಿ ಹೋಗಿ ಕುಳಿತಿತು ಎಂಬುದನ್ನೇ ಬರೆಯುತ್ತಿದ್ದೇನೆ. ಪಿರಮಿಡ್ಡುಗಳ ಬಗ್ಗೆ ಬೇರೆಯವರು ಬರೆದಿದ್ದಾರೆ.

ನಾನು ನಿವೃತ್ತಳಾಗಿ ಮೂರು ವರ್ಷವಾಗಿತ್ತು. ಎರಡು ಸಾವಿರದ ನಾಲ್ಕರ ಚಳಿಗಾಲ. ಜತ್ತ, ಸಾಂಗಲಿ, ಮೀರಜಿನ ಇಪ್ಪತ್ತೆರಡು ಜನರ ತಂಡ. ಹೆಚ್ಚಿನವರು ನನ್ನ ವಯಸ್ಸಿನವರೇ. ನನ್ನ ಜೊತೆಗೆ ಖಾತೂನಬಿ. ವಳಸಂಗದ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯಿಂದ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತವರು. ಅವಳದು ಗುಡ್ಡಾಪುರದಲ್ಲಿ ದಾನಮ್ಮದೇವಿ ಗುಡಿಗೆ ಹೋಗುವ ದಾರಿಯಲ್ಲಿ ಬಳೆ ಅಂಗಡಿ. ಭೂಗೋಳದ ಮಾಸ್ತರರು ನೈಲ್ ನದಿಯ ಪಾಠ ಮಾಡಿದ ದಿನ ಅವಳು ಎದ್ದು ನಿಂತು, “ಅದು ನಮ್ಮ ಮೂಸಾ ಪೈಗಂಬರರು ತೇಲಿಬಂದ ನದಿರಿ” ಎಂದು ಹೇಳಿ ಕೂತಿದ್ದಳು. ಐವತ್ತು ವರ್ಷಗಳ ನಂತರ ಆ ನೀರನ್ನು ನೋಡೋಣ ಎಂದವಳೂ ಅವಳೇ. ಹಡಗು ಹತ್ತಿದ ಮೊದಲ ದಿನ ಅಷ್ಟಗಲ ನೀರನ್ನು ದಿಟ್ಟಿಸಿ, “ಏನ ಹರೀಲಾಕ ಹತ್ತೈತವ್ವ! ನಮ್ಮ ಬೋರ ನದಿಗಿ ಇದರ ಒಂದ ತಾಸಿನ ನೀರ ಸಾಕು” ಎಂದಳು. ಆ ನೀರಿನಲ್ಲಿ ಅಲ್ಲಿಯವರು ಕತ್ತೆಗೆ ಸಾಬೂನು ಹಚ್ಚಿ ತೊಳೆಯುವುದನ್ನು ಕಂಡು ನನಗೆ ಹೊಟ್ಟೆ ಉರಿದಿತ್ತು.

ನನ್ನ ದಿನಚರಿ ಊರಿನಲ್ಲಿ ಹೇಗೋ ಹಡಗಿನಲ್ಲೂ ಹಾಗೆಯೇ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಲಿಂಗಪೂಜೆ. ಹಡಗಿನ ಕೋಣೆಯಲ್ಲಿ ಪೂಜೆ ಮಾಡಲು ಮನಸ್ಸು ಬರಲಿಲ್ಲ. ಅಂಗೈ ಅಗಲದ ಜಾಗದಲ್ಲಿ ಮಂಚವೂ ಅಲ್ಲೇ, ಪಾಯಖಾನೆಯೂ ಅಲ್ಲೇ. ಆದ್ದರಿಂದ ದಿನಾಲೂ ಮೇಲಿನ ಡೆಕ್ಕಿಗೆ ಹೋಗಿ, ಮೂಡಣ ದಿಕ್ಕಿಗೆ ಕುರ್ಚಿ ಹಾಕಿಕೊಂಡು ಮಾಡುತ್ತಿದ್ದೆ. ಎಂಟು ವರ್ಷದವಳಿದ್ದಾಗ ಮಠದ ಅಯ್ಯನವರು ನನ್ನ ಕೊರಳಿಗೆ ಕಟ್ಟಿದ ಲಿಂಗ ಅದು. ಪೂಜೆಯ ಹೊತ್ತು ಬಿಟ್ಟರೆ ಮೈಯಿಂದ ಇಳಿದದ್ದಿಲ್ಲ. ಮೈಮೇಲೆ ಲಿಂಗವಿಲ್ಲದೆ ನಾನು ನೀರನ್ನೂ ಕುಡಿಯುವುದಿಲ್ಲ. ಆಪರೇಶನ್ ಥಿಯೇಟರಿನಲ್ಲಿ ಬೇರೆ ಏನು ತೆಗೆಸಿದರೂ ಸರ್ಜನರು ಇದನ್ನು ತೆಗೆಸುವ ಧೈರ್ಯ ಮಾಡಲಿಲ್ಲ. ಅದಕ್ಕೆ ಬೆಳ್ಳಿಯ ಕರಡಿಗೆ ಇದೆ. ಪರದೇಶದಲ್ಲಿ ಬೆಳ್ಳಿ ಕಂಡರೆ ಕದಿಯುತ್ತಾರೆಂದು ಅದನ್ನು ಊರಿನ ತಿಜೋರಿಯಲ್ಲಿಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿಕೊಂಡು ಬಂದಿದ್ದೆ. ಇದೂ ನನ್ನ ಲೆಕ್ಕಾಚಾರವೇ. ನೆನಪಿರಲಿ.

ಆ ದಿನ ಹಡಗು ಎಸ್ನಾ ಎಂಬ ಊರಿನ ದಂಡೆಗೆ ನಿಂತಿತ್ತು. ಪೂಜೆ ಮುಗಿಯಿತು. ದಾರ ಸ್ನಾನದಲ್ಲಿ ನೆನೆದು ಗಂಟಿನ ಹತ್ತಿರ ಹಸಿಯಾಗಿತ್ತು. ಹಸಿ ದಾರ ಕಟ್ಟಿದರೆ ಕೊರಳು ಕೆರೆಯುತ್ತದೆ. ಅದನ್ನು ಬಿಸಿಲಿಗೆ ಡೆಕ್ಕಿನ ಕಂಬಿಗೆ ಹಾಕಿದೆ. ಲಿಂಗವನ್ನು ಅರಿವೆಯಲ್ಲಿ ಸುತ್ತಿ, ಮೇಜಿನ ಮೇಲೆ ಹಿತ್ತಾಳೆಯ ತಟ್ಟೆಯಲ್ಲಿಟ್ಟು ಪಕ್ಕದಲ್ಲೇ ಕೂತೆ. ಆಗ ಶಿಂಧೆ ಮೆಟ್ಟಿಲು ಹತ್ತಿ ಬಂದ.

ಶಿಂಧೆ ನಮ್ಮ ತಂಡವನ್ನು ಕರೆದುಕೊಂಡು ಬಂದವನು. ಜತ್ತದವನೇ, ನಲವತ್ತರ ಹತ್ತಿರದವನು. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಸಿಕ್ಕಿಬಿದ್ದಾಗ ನಗು.

“ಸಿಸ್ಟರ್‌ಬಾಯಿ, ಇವತ್ತ ಆರಾಮ್ ದಿನಾರಿ. ಗಡಿಬಿಡಿ ಇಲ್ಲ, ಏನಿಲ್ಲ. ಉಣ್ರಿ, ಮಕ್ಕೋರಿ.”

“ಕಾಗದದಾಗ ಇವತ್ತ ಎಡ್ಫೂ ಗುಡಿ ಅಂತ ಬರದೈತಿ.”

“ಅದ ನಾಳಿ ಆಗತೈತಿರಿ.”

“ಯಾಕ?”

“ಮಂದಿಗಿ ಆರಾಮ್ ಬೇಕಲ್ಲರಿ.”

“ಯಾರ ಕೇಳ್ಯಾರ ಆರಾಮ? ನಾ ಅರ್ಜಿ ಕೊಟ್ಟೀನೇನು ನಿನಗ?”

ನಾನು ಎದ್ದು ಡೆಕ್ಕಿನ ಮುಂತುದಿಗೆ ಹೋದೆ. ಅವನೂ ಹಿಂದೆ ಬಂದ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ನದಿಗೆ ಅಡ್ಡಲಾಗಿ ಒಡ್ಡು, ಅದರ ಒಂದು ಬದಿಗೆ ಹಡಗುಗಳನ್ನು ಒಂದೆರಡರಂತೆ ದಾಟಿಸುವ ನೀರಿನ ಗೇಟು, ಗೇಟಿನ ಮುಂದೆ ನಮ್ಮಂಥ ಹಡಗುಗಳ ಸಾಲು. ಗೇಟಿನಲ್ಲಿ ಏನೋ ಕೆಟ್ಟಿತ್ತು. ಹಿಂದಿನ ಸಂಜೆಯಿಂದ ಒಂದೂ ದಾಟಿರಲಿಲ್ಲ.

“ಗೇಟ್ ಬಂದ್ ಐತಿ ಅಂತ ಸರಳ ಹೇಳಾಕ ಬಾಯಿ ಇಲ್ಲೇನೋ ನಿನಗ? ಸುಳ್ಳಿಗಿ ಆರಾಮ ಅಂತ ಹೆಸರಿಡತಿ?”

“ಸಿಸ್ಟರ್‌ಬಾಯಿ, ಮುಂಜಾನಿದ್ದ ಸಿಟ್ಟ ಯಾಕರಿ...”

ಹತ್ತು ನಿಮಿಷ ಅವನಿಗೆ ಬುದ್ಧಿ ಹೇಳಿದೆ. ಪ್ರಯಾಣದ ಎರಡನೆಯ ದಿನವೂ ಹೀಗೆಯೇ ಹೇಳಿದ್ದೆ. ಅಂದು ಮೀರಜಿನ ಎರಡು ಜೋಡಿಗಳು ಅಂಗಡಿ ನೋಡುತ್ತ ನಿಂತು ಇಡೀ ಬಸ್ಸನ್ನು ಬಿಸಿಲಲ್ಲಿ ಕಾಯಿಸಿದ್ದರು. ತಡವಾಗಿ ಬಂದವರ ಹೆಸರನ್ನು ರಾತ್ರಿ ಊಟಕ್ಕೆ ಮೊದಲು ಎಲ್ಲರೆದುರು ಓದಬೇಕು, ಅವರು ಎದ್ದು ನಿಂತು ಒಂದೇ ವಾಕ್ಯದಲ್ಲಿ ಕಾರಣ ಹೇಳಬೇಕು ಎಂದು ನಿಯಮ ಮಾಡಿಸಿದ್ದೆ. ಅಂದಿನಿಂದ ಬಸ್ಸು ಒಂದು ದಿನವೂ ತಡವಾಗಲಿಲ್ಲ. ಅಂದಿನಿಂದ ಖಾತೂನಬಿಯನ್ನು ಬಿಟ್ಟು ಯಾರೂ ನನ್ನ ಮೇಜಿಗೆ ಊಟಕ್ಕೆ ಬರಲೂ ಇಲ್ಲ.

ನಾನು ಅಲ್ಲಿ ಶಿಂಧೆಯನ್ನು ಬೈಯುತ್ತಿರುವಾಗ ಇತ್ತ ಬೇರೆಯೇ ನಡೆದಿತ್ತು. ಎಸ್ನಾದಲ್ಲಿ ಒಂದು ವಿಚಿತ್ರ ವ್ಯಾಪಾರವಿದೆ. ಮಾರುವವರು ಸಣ್ಣ ದೋಣಿಗಳಲ್ಲಿ ಹಡಗಿನ ಮಗ್ಗುಲಿಗೆ ಬರುತ್ತಾರೆ. ಅಲ್ಲಿಯವರು ಗಲಾಬಿಯಾ ಎನ್ನುವ, ಮೊಣಕಾಲು ದಾಟುವ ಉದ್ದ ಅಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೂರು ಮಾಳಿಗೆ ಎತ್ತರಕ್ಕೆ ಗುರಿಯಿಟ್ಟು ಡೆಕ್ಕಿಗೆ ಎಸೆಯುತ್ತಾರೆ. ಬೇಕಾದರೆ ಅದೇ ಚೀಲದಲ್ಲಿ ಹಣ ಹಾಕಿ ಕೆಳಗೆ ಒಗೆಯಬೇಕು. ಬೇಡವಾದರೆ ಅಂಗಿಯನ್ನೇ ಒಗೆಯಬೇಕು. ಚೀಲ ತಲೆಯ ಮೇಲೆ ಬಿದ್ದವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಇಂಥ ಒಂದು ಚೀಲ ನಮ್ಮ ಮೇಜಿನ ಮೇಲೆ ಬಿದ್ದು, ಒಡೆದು, ಅಂಗಿ ಹೊರಗೆ ಹರಡಿಕೊಂಡಿತ್ತಂತೆ. ಆಗಷ್ಟೇ ಡೆಕ್ಕಿಗೆ ಹತ್ತಿ ಬಂದಿದ್ದ ಖಾತೂನಬಿ ಅದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ಕೆಳಗೆ ನಿಂತಿದ್ದ ಮುದುಕನ ದೋಣಿಗೆ ಗುರಿ ತಪ್ಪದೆ ಒಗೆದಿದ್ದಳು. ಸಂತೆಯಲ್ಲಿ ಐವತ್ತು ವರ್ಷ ಬಳೆ ಮಾರಿದವಳು ಅವಳು. ಬಿಚ್ಚಿದ ಗಂಟು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಕಣ್ಣು ಗಿರಾಕಿಯ ಮೇಲೆ, ಕೈ ಗಂಟಿನ ಮೇಲೆ.

ಶಿಂಧೆಯನ್ನು ಬಿಟ್ಟು ನಾನು ತಿರುಗುವ ಹೊತ್ತಿಗೆ ಆ ಮುದುಕ ದೋಣಿಯಲ್ಲಿ ಎದ್ದು ನಿಂತು, ಚೀಲವನ್ನು ತಲೆಯ ಮೇಲೆ ಎತ್ತಿ ಅಲ್ಲಾಡಿಸುತ್ತ ಕೂಗುತ್ತಿದ್ದ.

“ಕೀಸ್! ಕೀಸ್!”

ನನ್ನ ಕಿವಿಗೆ ಅದು ಕಿಸೆ ಎಂದು ಬಿತ್ತು; ಕಿಸೆ ಎಂದರೆ ಜೇಬು ಎಂದು ನಮ್ಮ ಕಡೆ ಹೇಳಬೇಕಿಲ್ಲ. ಕಿಸೆಗೆ ಕೈ ಹಾಕಿರಿ, ರೊಕ್ಕ ತೆಗೆಯಿರಿ ಎನ್ನುತ್ತಿದ್ದಾನೆ ಎಂದುಕೊಂಡೆ. ಬೇಡವೆಂದು ಮರಳಿ ಒಗೆದ ಮೇಲೂ ಬಿಡದ ಅವನ ಮೊಂಡುತನಕ್ಕೆ ನನಗೆ ರೇಗಿತು. ಅವನ ಬಲಗೈಗೆ ಕಟ್ಟಿದ ಪಟ್ಟಿ ಸಡಿಲಾಗಿ ಜೋಲುತ್ತಿತ್ತು. ಅದನ್ನು ಕಂಡು ಇನ್ನೂ ರೇಗಿತು. ಅಂಥ ಪಟ್ಟಿ ಕಟ್ಟಿದ ನರ್ಸನ್ನು ನಾನು ವಾರ್ಡಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಕೆಳಗಿದ್ದ ಹಡಗಿನ ಕಾವಲುಗಾರನಿಗೆ ವಾರ್ಡಿನ ಧ್ವನಿಯಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ: ಇವನನ್ನು ಇಲ್ಲಿಂದ ತೆಗೆಯಿರಿ. ಅವನು ಉದ್ದ ಕೋಲಿನಿಂದ ದೋಣಿಯನ್ನು ನೂಕಿದ. ಮುದುಕ ಮತ್ತೆ ಬಂದ. ಮತ್ತೆ ನೂಕಿದ. ಮೂರನೆಯ ಸಲ ಮುದುಕ ಕೈ ಹಿಚುಕಿಕೊಂಡು ದೂರ ಹೋದ. ನನಗೆ ಸಮಾಧಾನವಾಯಿತು.

ಆಮೇಲೆ ಕಂಬಿಯಿಂದ ದಾರ ಬಿಚ್ಚಿಕೊಂಡೆ. ಒಣಗಿತ್ತು. ಮೇಜಿನ ಬಳಿ ಬಂದೆ. ತಟ್ಟೆ ಇತ್ತು. ವಿಭೂತಿ ಇತ್ತು. ಲಿಂಗ ಇರಲಿಲ್ಲ.

“ಖಾತೂನಾ, ಇಲ್ಲೇ ತಾಟಿನಾಗ ಲಿಂಗ ಇಟ್ಟಿದ್ದೆ.”

“ಬಿಳಿ ಅರಿವಿ ಗಂಟ?”

“ಹೂಂ.”

ಅವಳು ತಟ್ಟೆ ಎತ್ತಿ ಕೆಳಗೆ ನೋಡಿದಳು. “ಎಲ್ಲಾ ಬಳದ ಚೀಲದಾಗ ತುರುಕಿ ಒಗದೆ ದಾನಕ್ಕಾ. ಕೈಗಿ ಏನೋ ಗಟ್ಟಿ ಹತ್ತಿತ್ತು. ಅಂಗಿ ಗುಂಡಿ ಇರಬೇಕಂದೆ.”

“ಗುಂಡಿ! ಐವತ್ತ ವರ್ಷ ಬಳಿ ಇಡಿಸಿದ ಕೈ ಅದ. ಗುಂಡಿ ಯಾವುದು, ಲಿಂಗ ಯಾವುದು, ತಿಳೀಲಿಲ್ಲ?”

“ಕೊರಳಾಗ ಇರೂದು ಕೊರಳಾಗ ಇದ್ದಿದ್ರ ನನ್ನ ಕೈಗಿ ಯಾಕ ಬರತಿತ್ತು?”

ಅದಕ್ಕೆ ನಾನು ಇನ್ನೆರಡು ಕೆಟ್ಟ ಮಾತು ಆಡಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಖಾತೂನಬಿ ಎಲ್ಲ ಕೇಳಿಸಿಕೊಂಡು ಎದ್ದಳು, ಚಪ್ಪಲಿ ಮೆಟ್ಟಿದಳು.

“ಬೈಯೂದ ಆತಿಲ್ಲೋ? ನಡಿ, ಹುಡಕೂಣು. ನೀ ನೀರ ಕುಡಿಯೂತನಾ ನಾನೂ ಕುಡಿಯೂದಿಲ್ಲ. ನನ್ನ ಚಿಂತಿ ಬ್ಯಾಡ, ನಾ ರೋಜಾ ಹಿಡದ ಗಟ್ಟಿ ಆದಾಕಿ. ನೀ ಎಲ್ಲಿ ಬೀಳತಿ ಅದನ ನೋಡಕೋ.”

ಆಗ ನನಗೆ ಇನ್ನೊಂದು ಹೊಳೆಯಿತು. ಆ ಮುದುಕ ಚೀಲದಲ್ಲಿ ಲಿಂಗ ಬಂದದ್ದನ್ನು ಕಂಡಿದ್ದಾನೆ. ಕಂಡೇ ತಿರುಗಿ ಬಂದು ಕಿಸೆ, ಕಿಸೆ ಎಂದು ಕೂಗಿದ್ದಾನೆ. ರೊಕ್ಕ ಕೊಟ್ಟರೆ ಕೊಡುತ್ತೇನೆ ಎನ್ನುತ್ತಿದ್ದ! ಅಲ್ಲಿಯವರೆಗೆ ಅವನು ಬರೀ ಮೊಂಡ ಮಾರಾಟಗಾರನಾಗಿದ್ದ. ಆ ಕ್ಷಣದಿಂದ ಕಳ್ಳನಾದ.

ಐದು ಹಡಗು ದಾಟಿ

ಮೆಟ್ಟಿಲ ಬಳಿ ಶಿಂಧೆ ತಡೆದ.

“ಬ್ಯಾಡರಿ ಸಿಸ್ಟರ್‌ಬಾಯಿ. ಗೇಟ್ ಯಾವಾಗ ತಗೀತಾರೋ ಗೊತ್ತಿಲ್ಲ. ಒಮ್ಮಿ ಹಾರ್ನ್ ಹೊಡದ್ರ ಅರ್ಧಾ ತಾಸಿನಾಗ ಹಡಗ ಬಿಡತಾರ. ನಮ್ಮ ಪಾಳಿ ತಪ್ಪಿದ್ರ ಮತ್ತ ನಾಳಿಗೇ. ಲಿಂಗಾನ ಏನರಿ, ಊರಿಗಿ ಹೋದ ಮ್ಯಾಲ ಅಯ್ಯಗೋಳ ಕಡಿಂದ ಹೊಸಾದ ಕಟ್ಟಸ್ಕೊಂಡ್ರಾತು. ಇವತ್ತ ಸಂಜಿಕ ಎಲ್ಲಾರೂ ಗಲಾಬಿಯಾ ಹಾಕ್ಕೊಂಡ ಕುಣಿಯೂ ಪಾರ್ಟಿ ಐತಿ, ಮನಸ ಹಗರ ಆಗತೈತಿ.”

ಐವತ್ತೈದು ವರ್ಷ ಎದೆಯ ಮೇಲಿದ್ದುದರ ಬಗ್ಗೆ ಅವನು ಒಡೆದ ಕಪ್ಪಿನ ಬಗ್ಗೆ ಹೇಳುವ ಹಾಗೆ ಮಾತಾಡಿದ. ನನ್ನ ಅಜ್ಜಿ ಹೇಳುತ್ತಿದ್ದಳು, ಲಿಂಗ ಕಳೆದುಕೊಂಡವರು ಅದು ಸಿಗುವವರೆಗೆ ಅನ್ನ ನೀರು ಮುಟ್ಟಬಾರದು, ಸಿಗದಿದ್ದರೆ ಮುಟ್ಟಲೇಬಾರದು ಎಂದು. ಅಷ್ಟು ಕಠಿಣವಾಗಿ ಈಗ ಯಾರೂ ನಡೆಯುವುದಿಲ್ಲ, ಗೊತ್ತು. ಆದರೆ ಹಡಗು ಹೊರಟರೆ ಆ ಲಿಂಗ ನನ್ನ ಪಾಲಿಗೆ ಇನ್ನಿಲ್ಲ; ಅದೂ ಗೊತ್ತಿತ್ತು. ಶಿಂಧೆಯನ್ನು ಪಕ್ಕಕ್ಕೆ ಸರಿಸಿ ಇಳಿದೆ.

ಎಸ್ನಾದಲ್ಲಿ ದಂಡೆಗೆ ಇಳಿಯುವುದೂ ಒಂದು ಪ್ರಯಾಣವೇ. ಜಾಗ ಸಾಲದೆ ಹಡಗುಗಳನ್ನು ಒಂದರ ಮಗ್ಗುಲಿಗೆ ಒಂದು ಕಟ್ಟಿರುತ್ತಾರೆ. ನಮ್ಮದು ಹೊರಗಿನದು. ದಂಡೆ ಮುಟ್ಟಲು ಐದು ಹಡಗುಗಳ ಪಡಸಾಲೆ ದಾಟಬೇಕು. ಪ್ರತಿಯೊಂದರಲ್ಲೂ ಅದೇ ಹೊಳೆಯುವ ನೆಲ, ಅದೇ ಹಿತ್ತಾಳೆಯ ದೀಪ, ಅದೇ ಸೋಫಾದ ಮೇಲೆ ಅದೇ ಕೆಂಪು ಮುಖದ ಜನ ವಿಶ್ರಾಂತಿ ಪಡೆಯುತ್ತಿದ್ದರು. ಎಲ್ಲರಿಗೂ ಅವರವರ ಶಿಂಧೆ ಅದೇ ಸುಳ್ಳು ಹೇಳಿದ್ದಿರಬೇಕು. ನಾಲ್ಕನೆಯ ಹಡಗಿನಲ್ಲಿ ಒಬ್ಬ ನಮ್ಮನ್ನು ಕಂಡು ಕೈಗೆ ತಣ್ಣಗಿನ ಶರಬತ್ತು ಕೊಡಲು ಬಂದ. ಇಬ್ಬರು ಮುದುಕಿಯರು ಒಂದೇ ಸಲ ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ಕಂಡು ಅವನೂ ಹಿಂದೆ ಸರಿದ.

ಪೇಟೆಯಲ್ಲಿ

ಊರ ನಡುವೆ ಹಳೆಯ ಗುಡಿಯೊಂದಿದೆ. ಸುತ್ತಲಿನ ನೆಲ ಏರಿ ಏರಿ ಗುಡಿ ತಗ್ಗಿನಲ್ಲಿ ಉಳಿದಿದೆ. ಜನ ಬಾವಿ ನೋಡುವ ಹಾಗೆ ಬಗ್ಗಿ ನೋಡುತ್ತಾರೆ. ನಾನು ನೋಡಲಿಲ್ಲ. ಗುಡಿಗೆ ಹೋಗುವ ಓಣಿಯ ಎರಡೂ ಕಡೆ ಅಂಗಡಿಗಳು. ಪ್ರತಿ ಅಂಗಡಿಯವನೂ ನನ್ನ ಭುಜದ ಮೇಲೆ ಒಂದು ಶಾಲು ಹೊದಿಸಿದ. ಪ್ರತಿಯೊಂದನ್ನೂ ಮಡಚಿ ಹಿಂದಕ್ಕೆ ಕೊಟ್ಟೆ. ದೋಣಿಯ ಮುದುಕನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದೆ. “ಯೆಸ್ ಮೇಡಮ್, ಗುಡ್ ಪ್ರೈಸ್” ಎಂದರು. ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು.

ಖಾತೂನಬಿ ನನ್ನನ್ನು ಪಕ್ಕಕ್ಕೆ ಸರಿಸಿದಳು. “ನಿನ್ನ ಇಂಗ್ಲಿಷ್ ಬಾಯಿ ಮುಚ್ಚು ಮೊದಲ. ಗಿರಾಕಿ ಅಂತ ತಿಳೀತಾರ.”

ಅವಳು ತಲೆಯ ಸೆರಗು ಸರಿಮಾಡಿಕೊಂಡು, ರೊಟ್ಟಿ ಮಾರುತ್ತ ಕುಳಿತಿದ್ದ ಕರಿ ಬಟ್ಟೆಯ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಸಲಾಮು ಹೇಳಿದಳು. ಆ ಹೆಂಗಸು ಪೂರ್ತಿ ಸಲಾಮು ತಿರುಗಿ ಹೇಳಿ ಇವಳ ಗದ್ದ ಹಿಡಿದಳು. ಆ ರೊಟ್ಟಿ ನಮ್ಮ ಜೋಳದ ರೊಟ್ಟಿಗಿಂತ ನಾಲ್ಕು ಪಟ್ಟು ದಪ್ಪ. ಹಿಟ್ಟನ್ನು ಬಿಸಿಲಿಗಿಟ್ಟು ಉಬ್ಬಿಸುತ್ತಾರಂತೆ. ಖಾತೂನಬಿ ರೊಟ್ಟಿ ಮುಟ್ಟಿ ಹೊಗಳಿ, ಆಮೇಲೆ ಹುಟ್ಟು ಹಾಕುವ ಹಾಗೆ ಕೈ ಆಡಿಸಿ, ಮೇಲಕ್ಕೆ ಎಸೆದು ತೋರಿಸಿ, ಬಲಗೈಗೆ ಸೆರಗಿನ ತುದಿ ಸುತ್ತಿಕೊಂಡು ‘ಅಯ್ಯೋ’ ಎಂದು ನರಳಿದಳು. ಇದಿಷ್ಟೇ. ನಾಲ್ಕು ಜನ ಸೇರಿದರು, ಅವರಲ್ಲೇ ವಾದವಾಯಿತು, ಒಂದು ಹೆಸರು ಹೊರಬಿತ್ತು: ಅಬ್ದು. ರೊಟ್ಟಿಯ ಹೆಂಗಸು ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ತಾನೇ ದಾರಿ ತೋರಿಸಲು ಎದ್ದಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅರ್ಧ ತಾಸು ನಾನು ಸ್ಪಷ್ಟ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಇವಳು ಎರಡು ನಿಮಿಷದ ಸೋಗಿನಲ್ಲಿ ಮುಗಿಸಿದಳಲ್ಲ ಎಂದು ಅದಕ್ಕೂ ಸಿಟ್ಟು.

ಅಬ್ದುವಿನ ಅಂಗಳ

ಮನೆ ನದಿಯ ಬದಿಗೇ ಇತ್ತು. ಗಿಲಾವು ಇಲ್ಲದ ಇಟ್ಟಿಗೆಯ ಗೋಡೆ. ಮೇಲಿನ ಮಾಳಿಗೆ ಯಾವಾಗಲೋ ಕಟ್ಟುವ ಆಸೆಯಿಂದ ಛಾವಣಿಯ ಮೇಲೆ ಬಿಟ್ಟ ಕಬ್ಬಿಣದ ಸರಳುಗಳು. ಜತ್ತದಲ್ಲೂ ಅರ್ಧ ಊರು ಹೀಗೆಯೇ ಆಕಾಶಕ್ಕೆ ಸರಳು ತೋರಿಸುತ್ತ ನಿಂತಿದೆ. ಅಂಗಳದಲ್ಲಿ ಕೂರಲು ಬೆಂಚಿನಂಥ ಮರದ ಬಾಕು. ಅದರ ಮೇಲೆ ಅದೇ ಮುದುಕ, ಅದೇ ಜೋಲುವ ಪಟ್ಟಿ. ಈಗ ಪಟ್ಟಿಯ ಮೇಲೆ ಹಸಿ ರಕ್ತ.

ನಮ್ಮನ್ನು ಕಂಡದ್ದೇ ಅವನು ಎದ್ದು ನಿಂತು ಎರಡೂ ಕೈ ಚಾಚಿದ. ನಕ್ಕ. ಒಳಗೆ ತಿರುಗಿ ಏನೋ ಕೂಗಿದ. ಅವನ ಹೆಂಡತಿ ಸಣ್ಣ ಗಾಜಿನ ಲೋಟಗಳಲ್ಲಿ ಕಪ್ಪು ಚಹಾ ತಂದಳು. ನಾನು ಲೋಟವನ್ನು ಕೈಯಿಂದ ತಳ್ಳಿದೆ. ಸ್ವಲ್ಪ ಚಹಾ ಬಾಕಿನ ಮೇಲೆ ಚೆಲ್ಲಿತು. ಲಿಂಗವಿಲ್ಲದೆ ಕುಡಿಯುವುದಿಲ್ಲವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೆಂಡತಿ ನನ್ನ ಮುಖ ನೋಡಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

“ನನ್ನ ವಸ್ತು ಎಲ್ಲಿ?” ಎಂದೆ. ಅಂಗೈ ಗುಂಡಗೆ ಮಾಡಿ ತೋರಿಸಿದೆ, ಎದೆ ಮುಟ್ಟಿ ತೋರಿಸಿದೆ.

ಅವನಿಗೆ ಕೂಡಲೇ ತಿಳಿಯಿತು. ತಲೆ ಜೋರಾಗಿ ಆಡಿಸಿದ. “ಫಿಲ್ ಕೀಸ್!” ಎಂದ. “ಫಿಲ್ ಕೀಸ್, ಫಿಲ್ ಕೀಸ್!”

“ಕೇಳಿದಿ? ಕಿಸೆದಾಗ ಐತಂತ!” ಎಂದು ಖಾತೂನಬಿಗೆ ಹೇಳಿದೆ. “ಕಿಸೆದಾಗ ಇಟಗೊಂಡ ಕುಂತಾನ ಕಳ್ಳ!”

“ತಡಿ ದಾನಕ್ಕಾ, ನಕ್ಕೋತ ಹೇಳಾಕತ್ತಾನ...”

“ನಗತಾನ ಮತ್ತ! ಸಿಕ್ಕೈತಿ ಅಂತ ನಗತಾನ!”

ವಾರ್ಡಿನಲ್ಲಿ ಔಷಧಿ ಕಳುವಾದಾಗ ಆಯಾಗಳನ್ನೂ ವಾರ್ಡ್‌ಬಾಯ್‌ಗಳನ್ನೂ ಸಾಲಾಗಿ ನಿಲ್ಲಿಸಿ ಕಿಸೆ ತೆಗೆಸುತ್ತಿದ್ದೆ. ಅದೇ ರೀತಿ ಅವನ ಮುಂದೆ ನಿಂತು ಅವನ ಉದ್ದ ಅಂಗಿಯ ಎರಡೂ ಮಗ್ಗುಲು ತೋರಿಸಿ, “ತಗಿ” ಎಂದೆ. ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಹತ್ತು ಹನ್ನೆರಡು ನೆರೆಯವರು ಸೇರಿದ್ದರು. ಮುದುಕನ ನಗು ನಿಂತಿತು. ಅವನು ಆ ಜನರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ಎಡಗಡೆಯ ಕಿಸೆಯನ್ನು ಒಳಗಿನದು ಹೊರಗೆ ಬರುವ ಹಾಗೆ ಎಳೆದ: ಒಂದು ಬಾಚಣಿಕೆ. ಬಲಗಡೆಯದನ್ನು ನೋವಿರುವ ಕೈಯಿಂದ ಎಳೆಯಲಾಗದೆ, ಎಡಗೈ ಅಡ್ಡ ತಂದು ಎಳೆದ: ಬೀಗದ ಕೈ, ಮುದುಡಿದ ಸಿಗರೇಟು ಪಾಕೀಟು. ಎದೆಯ ಮೇಲಿನದನ್ನೂ ತೋರಿಸಿದ. ಖಾಲಿ. ಎರಡೂ ಮಗ್ಗುಲಿಗೆ ಕಿಸೆಗಳು ಬಿಳಿ ನಾಲಿಗೆಯ ಹಾಗೆ ಹೊರಚಾಚಿಕೊಂಡು ಅವನು ನಿಂತೇ ಇದ್ದ. ರೊಟ್ಟಿಯ ಹೆಂಗಸು ನನ್ನ ಮುಖಕ್ಕೆ ಏನೋ ಅಂದಳು. ಭಾಷೆ ಬೇಕಾಗಲಿಲ್ಲ.

ಖಾತೂನಬಿ ನನ್ನ ರಟ್ಟೆ ಹಿಡಿದಳು. “ಸಾಕ ಮಾಡು. ನನಗ ನಾಚಿಕಿ ಆಗಾಕತ್ತೈತಿ.”

ಯಾರೋ ಓಡಿಹೋಗಿ ಪಕ್ಕದ ಔಷಧಿ ಅಂಗಡಿಯವನನ್ನು ಕರೆತಂದರು. ದಪ್ಪ ಕನ್ನಡಕದ, ಇಂಗ್ಲಿಷ್ ಬಲ್ಲ ಮನುಷ್ಯ. ಮುದುಕನ ಜೊತೆ ನಾಲ್ಕು ಮಾತಾಡಿ, ಹೊರಚಾಚಿದ ಕಿಸೆಗಳನ್ನು ನೋಡಿ, ನನ್ನ ಕಡೆ ತಿರುಗಿದ.

“ಅವನು ಮೊದಲಿನಿಂದ ಹೇಳುತ್ತಿದ್ದಾನಲ್ಲ ತಾಯಿ, ಚೀಲದಲ್ಲಿದೆ ಎಂದು. ಕೀಸ್ ಎಂದರೆ ಚೀಲ. ನೀವು ಇವನ ಬಟ್ಟೆಯನ್ನೇಕೆ ಹುಡುಕಿದಿರಿ?”

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಹೆಂಡತಿ ಒಳಕೋಣೆಯ ಬಾಗಿಲು ಪೂರ್ತಿ ತೆರೆದಳು. ಎದುರು ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಕುರಾನಿನ ವಾಕ್ಯ. ಅದೇ ಮೊಳೆಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಆ ಪ್ಲಾಸ್ಟಿಕ್ ಚೀಲ. ಒಳಗೆ ಬೇರೇನೂ ಇಲ್ಲ. ಬಿಳಿ ಅರಿವೆಯ ಗಂಟು ಮಾತ್ರ, ನಾನು ಕಟ್ಟಿದ ಹಾಗೆಯೇ.

“ದಾನಕ್ಕಾ,” ಎಂದಳು ಖಾತೂನಬಿ ಮೆಲ್ಲಗೆ, “ಆಯತ್ ಹಾಕಿದ ಮೊಳಿಗಿ ಹಾಕ್ಯಾನ ನೋಡು.”

ಔಷಧಿಯವನು ಉಳಿದದ್ದನ್ನು ಹೇಳಿದ. ಅಂಗಿ ಮಡಚುವಾಗ ಅಬ್ದು ಗಂಟು ಕಂಡಿದ್ದಾನೆ. ಯಾರೋ ಮೈಮೇಲೆ ಧರಿಸುವ ರಕ್ಷೆ, ಬಿಚ್ಚಬಾರದು ಎಂದುಕೊಂಡಿದ್ದಾನೆ. ಚೀಲ, ಚೀಲ, ನಿಮ್ಮದೇನೋ ಇದೆ ಎಂದು ಕೂಗಿದ್ದಾನೆ. ಎಸೆದರೆ ನೀರಿಗೆ ಬಿದ್ದೀತೆಂದು ಎಸೆಯದೆ, ಕೈಗೇ ಕೊಡಲು ಮೂರು ಸಲ ಹತ್ತಿರ ಬಂದಿದ್ದಾನೆ. ಮೂರನೆಯ ಸಲ ಕೋಲು ಮೊದಲೇ ಗಾಯವಿದ್ದ ಕೈಗೆ ಬಡಿದಿದೆ.

“ಡೆಕ್ಕಿನ ಮೇಲೆ ಒಬ್ಬ ಹೆಂಗಸು ಇದ್ದಳಂತೆ, ದೊಡ್ಡ ಧ್ವನಿಯವಳು. ಅವಳು ಹೇಳಿದ್ದಕ್ಕೇ ಹೊಡೆದರಂತೆ,” ಎಂದ. “ಯಾರೆಂದು ನಿಮಗೆ ಗೊತ್ತೇ?”

“ಗೊತ್ತು,” ಎಂದೆ.

ಕೈಕಾಲು ತೊಳೆದು, ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡೆ. ಸಿಕ್ಕಿದ ಮೇಲೆ ಸಿಟ್ಟು ಇಳಿಯಬೇಕಲ್ಲ? ಇಳಿಯಲಿಲ್ಲ. ಇಷ್ಟು ಹೊತ್ತು ಶಿಂಧೆಯ ಮೇಲೆ, ಖಾತೂನಬಿಯ ಮೇಲೆ, ಈ ಮುದುಕನ ಮೇಲೆ ಕುಳಿತಿದ್ದ ಸಿಟ್ಟು ಒಬ್ಬೊಬ್ಬರನ್ನೇ ಬಿಟ್ಟು ಎದ್ದು ಬಂದು ನನ್ನ ಮುಂದೆ ನಿಂತಿತು. ಕ್ಷಮಿಸಿ ಎಂಬ ಮಾತನ್ನು ನಾನು ಸರ್ವಿಸಿನಲ್ಲಿ ಎಷ್ಟು ಸಲ ಅಂದಿದ್ದೇನೆ ಎಂದು ಯೋಚಿಸಿದೆ. ನೆನಪಿಗೆ ಒಂದೂ ಬರಲಿಲ್ಲ. ಔಷಧಿಯವನಿಗೆ ಹೇಳಿದೆ: ಸ್ಪಿರಿಟ್ಟು, ಹತ್ತಿ, ಎರಡು ಇಂಚಿನ ಪಟ್ಟಿ ತನ್ನಿ.

ಅಷ್ಟರಲ್ಲಿ ನದಿಯ ಕಡೆಯಿಂದ ಹಾರ್ನು ಕೇಳಿಸಿತು. ನಮ್ಮ ಹಡಗಿನದೇ. ಅರ್ಧ ತಾಸು.

“ದಾನಕ್ಕಾ, ಹೊಡದ್ರು.”

“ಕೇಳಸೇತಿ. ಕುಂದರು.”

ಅಬ್ದು ಕೈ ಕೊಡಲು ಒಪ್ಪಲಿಲ್ಲ. ಬೆನ್ನ ಹಿಂದೆ ಇಟ್ಟುಕೊಂಡ. ಅದು ನ್ಯಾಯವೇ. ಅವನ ಕಿಸೆಗಳು ಇನ್ನೂ ಹೊರಗೇ ಇದ್ದವು. ಒಂದೇ ಕೈಯಿಂದ ಅವನ್ನು ಒಳಗೆ ತಳ್ಳಲು ಅವನಿಗೆ ಬರುತ್ತಿರಲಿಲ್ಲ, ಅಥವಾ ಬೇಕೆಂದೇ ಬಿಟ್ಟಿದ್ದ. ನಾನು ಅವನ ಮುಂದೆ ನೆಲದ ಮೇಲೆ ಕೂತೆ. ವಾರ್ಡಿನಲ್ಲಿ ನಾನು ರೋಗಿಯ ಮುಂದೆ ನಿಂತವಳೇ ಹೊರತು ಕೂತವಳಲ್ಲ. ಕೈ ಚಾಚಿ ಕಾದೆ. ಖಾತ್ರಿಯಿಲ್ಲದೆ ಕಾಯುವುದು ನನಗೆ ಹೊಸದು. ಖಾತೂನಬಿ ಅವನ ಹೆಂಡತಿಯ ಹತ್ತಿರ ದಖನಿ ಉರ್ದುವಿನಲ್ಲಿ ಏನೋ ಹೇಳಿದಳು. ಅವಳಿಗೆ ಎಷ್ಟು ತಿಳಿಯಿತೋ! ಅವಳು ಗಂಡನಿಗೆ ಒಂದು ಮಾತು ಗದರಿಸಿದಳು. ಅವನು ಕೈ ಕೊಟ್ಟ.

ಹಳೆಯ ಪಟ್ಟಿ ನೆನೆಸಿ ಬಿಡಿಸಿದೆ. ಹಗ್ಗ ಉಜ್ಜಿ ಆದ ಗಾಯ, ಅದರ ಮೇಲೆ ಕೋಲಿನ ಪೆಟ್ಟು. ತೊಳೆದೆ. ಸ್ಪಿರಿಟ್ಟಿಗೆ ಅವನು ಹಲ್ಲು ಕಚ್ಚಿದ. ಮಣಿಕಟ್ಟಿನಿಂದ ಶುರುಮಾಡಿ, ಹೆಬ್ಬೆರಳ ಸಂದಿಯಿಂದ ಹೊರಳಿಸಿ, ಎಂಟರ ಆಕಾರದಲ್ಲಿ, ಒಂದು ಸುತ್ತು ಇನ್ನೊಂದರ ಅರ್ಧ ಮುಚ್ಚುವಂತೆ ಕಟ್ಟಿದೆ. ಅವಸರ ಮಾಡಲಿಲ್ಲ. ಮುಗಿದ ಮೇಲೆ ಅವನು ಬೆರಳು ಆಡಿಸಿ ನೋಡಿ, ಔಷಧಿಯವನಿಗೆ ಏನೋ ಹೇಳಿದ.

“ಈಗ ತನ್ನ ಕಿಸೆ ಒಳಗೆ ಹಾಕಿಕೊಳ್ಳಬಹುದೇ ಎಂದು ಕೇಳುತ್ತಿದ್ದಾನೆ,” ಎಂದ ಔಷಧಿಯವನು. ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದರು. ಅಬ್ದು ಮಾತ್ರ ನಗಲಿಲ್ಲ.

ನಾನೇ ಎದ್ದು ಎರಡೂ ಕಿಸೆಗಳನ್ನು ಒಳಗೆ ಮಾಡಿದೆ. ಬಾಚಣಿಕೆ ಎಡಕ್ಕೆ, ಬೀಗದ ಕೈ ಬಲಕ್ಕೆ. ಆಗ ಅವನ ಹೆಂಡತಿ ಮತ್ತೆ ಚಹಾ ತಂದಳು. ಬಿಸಿಯಾಗಿ, ಅರ್ಧ ಲೋಟ ಸಕ್ಕರೆ ಹಾಕಿ. ನಾನೂ ಖಾತೂನಬಿಯೂ ಬಾಕಿನ ಮೇಲೆ ಕೂತು ಕುಡಿದೆವು. ಎರಡನೆಯ ಹಾರ್ನು ಹೊಡೆಯಿತು. ಆ ಹೆಂಗಸು ಲೋಟ ಮತ್ತೆ ತುಂಬಿದಳು. ಅದನ್ನೂ ಕುಡಿದೆವು.

ಮತ್ತೆ ಹಡಗಿನಲ್ಲಿ

ಹಡಗು ನಮಗಾಗಿ ಕಾದಿತ್ತು. ನಮ್ಮ ಪಾಳಿಯನ್ನು ಹಿಂದಿನ ಹಡಗಿಗೆ ಬಿಟ್ಟುಕೊಟ್ಟಿದ್ದರು. ಡೆಕ್ಕಿನ ಮೇಲೆ ಮೀರಜಿನ ಎರಡು ಜೋಡಿಗಳು ಗಡಿಯಾರ ನೋಡುತ್ತ ನಿಂತಿದ್ದವು. ಅವರ ಮುಖದ ಮೇಲಿನ ಸಂತೋಷವನ್ನು ನಾನು ತಪ್ಪು ಎನ್ನುವುದಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಗಲಾಬಿಯಾ ತೊಟ್ಟು ಬಂದಿದ್ದರು. ಶಿಂಧೆ ಕಾಗದ ಹಿಡಿದು ನಿಂತ. ನನ್ನ ಕಡೆ ನೋಡಿ ಹಿಂದೆ ಮುಂದೆ ಮಾಡಿದ.

“ಸಿಸ್ಟರ್‌ಬಾಯಿ, ಇವತ್ತ ಬಿಡೂಣೇನರಿ? ಆರಾಮ್ ದಿನಾ ಐತಿ...”

“ಓದು,” ಎಂದೆ.

ಓದಿದ. ದಾನಮ್ಮ, ಮೂವತ್ತೈದು ಮಿನಿಟು. ಖಾತೂನಬಿ, ಮೂವತ್ತೈದು ಮಿನಿಟು. ನಾನು ಎದ್ದು ನಿಂತೆ. ನಿಯಮದಂತೆ ಒಂದೇ ವಾಕ್ಯ.

“ಏನೂ ತಪ್ಪ ಮಾಡದ ಒಬ್ಬ ಮನಷ್ಯಾಂದು ಅವನ ಮನಿ ಅಂಗಳದಾಗ, ಅವನ ಮಂದಿ ಎದುರಿಗಿ ನಾ ಕಿಸೆ ತಪಾಸ ಮಾಡೀನಿ, ಅದಕ್ಕ ತಡಾ ಆತು.”

ಯಾರೋ ನಕ್ಕರು. ಹಾಸ್ಯವೆಂದುಕೊಂಡಿರಬೇಕು. ನಗು ಮೇಜಿನಿಂದ ಮೇಜಿಗೆ ಹಬ್ಬಿತು.

“ನಗಬ್ಯಾಡ್ರಿ!” ಎಂದೆ. ನನ್ನ ದೊಡ್ಡ ಧ್ವನಿಗೆ ಬಡಿಸುವವರೂ ನಿಂತರು.

ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಖಾತೂನಬಿ ಎದ್ದು ನಿಂತಿದ್ದಳು. ಅವಳ ವಾಕ್ಯ ಬಾಕಿಯಿತ್ತು.

“ನಾ ಆಕಿ ಜೋಡಿ ಇದ್ದೆ,” ಎಂದಳು. ಕೂತಳು. ನನ್ನ ಸೆರಗು ಎಳೆದು ನನ್ನನ್ನೂ ಕೂರಿಸಿದಳು.